ಪೆಟ್ಟಿಗೆಯ ಮರ ಜೇನಿನ ಚಳಿ ಕಳೆಯುವುದಿಲ್ಲ

ಅಮೆರಿಕದ ಉತ್ತರ ರಾಜ್ಯಗಳಲ್ಲಿ, ಕೆನಡಾದಲ್ಲಿ ಹೊಸದಾಗಿ ಜೇನು ಸಾಕಲು ಹೊರಟವರಲ್ಲಿ ಒಂದು ನಂಬಿಕೆ ಬೇರೂರಿದೆ: ಸೀಡರ್ ಮರದ ಪೆಟ್ಟಿಗೆ ಬೆಚ್ಚಗಿರುತ್ತದೆ, ಅದರಲ್ಲಿಟ್ಟ ಜೇನು ಚಳಿಗಾಲ ದಾಟುತ್ತದೆ, ಪೈನ್ ಪೆಟ್ಟಿಗೆಯದು ಸಾಯುತ್ತದೆ. ಇದನ್ನು ನಂಬಿ ಪೈನಿಗಿಂತ ಎಷ್ಟೋ ಹೆಚ್ಚು ಹಣ ಸುರಿಯುವವರಿದ್ದಾರೆ. ಸೀಡರ್ ಒಳ್ಳೆಯ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಗುಣವಿರುವುದು ಬಾಳಿಕೆಯಲ್ಲಿ, ಶಾಖ ಹಿಡಿದಿಡುವುದರಲ್ಲಲ್ಲ. ಅಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಹಲಗೆ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್ ದಪ್ಪ. ಅಷ್ಟು ತೆಳುವಾದ ಹಲಗೆಯಲ್ಲಿ ಸೀಡರಿಗೂ ಬಿಳಿ ಪೈನಿಗೂ ಇರುವ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಒಂದು ಇಂಚು ಥರ್ಮೋಕೋಲ್ ತಡೆಯುವ ಶಾಖವನ್ನು ಮರದಿಂದಲೇ ತಡೆಯಬೇಕೆಂದರೆ ಸುಮಾರು ಮೂರು ಇಂಚು ದಪ್ಪದ ಹಲಗೆ ಬೇಕು; ಅಂಥ ಪೆಟ್ಟಿಗೆಯನ್ನು ತುಪ್ಪ ತುಂಬಿದ ಮೇಲೆ ಎತ್ತುವವರು ಯಾರು?

ಈ ನಂಬಿಕೆಯ ಬುಡವೇ ತಪ್ಪು. ನಾವು ಮನೆಯನ್ನು ಬೆಚ್ಚಗಿಡುವ ಹಾಗೆ ಜೇನು ತನ್ನ ಪೆಟ್ಟಿಗೆಯನ್ನೆಲ್ಲ ಬೆಚ್ಚಗಿಡಲು ಹೋಗುವುದಿಲ್ಲ. ಹೊರಗಿನ ಉಷ್ಣತೆ ಹತ್ತು ಹದಿನಾಲ್ಕು ಡಿಗ್ರಿಗಿಂತ ಕೆಳಗಿಳಿದಾಗ ನೊಣಗಳು ಎರಿಗಳ ನಡುವೆ ಮುದ್ದೆಗಟ್ಟಿ ಕೂರುತ್ತವೆ, ಹಾರುವ ಸ್ನಾಯುಗಳನ್ನು ನಡುಗಿಸಿ ಆ ಮುದ್ದೆಯನ್ನಷ್ಟೇ ಬಿಸಿಯಾಗಿಟ್ಟುಕೊಳ್ಳುತ್ತವೆ. ಮರಿಗಳಿದ್ದರೆ ಮುದ್ದೆಯ ನಡುವೆ 34-35 ಡಿಗ್ರಿ ಇರುತ್ತದೆ. ಅದರಿಂದ ಒಂದಿಷ್ಟು ದೂರ ಸರಿದರೆ, ಅದೇ ಪೆಟ್ಟಿಗೆಯ ಮೂಲೆಯಲ್ಲಿ, ಹೆಚ್ಚುಕಡಿಮೆ ಹೊರಗಿನದೇ ಚಳಿ. ಕೆನಡಾದ ದೊಡ್ಡ ಜೇನುಕೃಷಿಕರಲ್ಲಿ ಹಲವರು ಚಳಿಗಾಲಕ್ಕೆ ಪೆಟ್ಟಿಗೆಗಳನ್ನು ಕತ್ತಲೆಯ ಕೊಠಡಿಗಳಿಗೆ ಸಾಗಿಸುತ್ತಾರೆ. ಅಲ್ಲಿ ಅವರು ಕಾಪಾಡುವುದು ಸುಮಾರು ಐದು ಡಿಗ್ರಿ. ಫ್ಯಾನ್ ಹಾಕಿ ಹೆಚ್ಚಿನ ಶಾಖವನ್ನೂ ತೇವವನ್ನೂ ಹೊರದಬ್ಬುತ್ತಾರೆ, ಏಕೆಂದರೆ ಬಿಸಿ ಏರಿದರೆ ನೊಣಗಳು ಚಡಪಡಿಸಿ ಕೂಡಿಟ್ಟ ತುಪ್ಪವನ್ನು ಬೇಗ ಖಾಲಿ ಮಾಡುತ್ತವೆ. ಚಳಿಯೇ ಕೊಲ್ಲುವುದಾಗಿದ್ದರೆ ಈ ಪದ್ಧತಿ ಒಂದು ವರ್ಷವೂ ಉಳಿಯುತ್ತಿರಲಿಲ್ಲ. ಕೊಲ್ಲುವುದು ಹಸಿವು, ನುಸಿ, ಇವುಗಳ ಜೊತೆಗೆ ನೀರು. ಒಂದು ಕಿಲೋ ಜೇನುತುಪ್ಪ ಉರಿದು ಶಾಖವಾಗುವಾಗ, ಅದರಲ್ಲಿ ಮೊದಲೇ ಇದ್ದದ್ದೂ ಸಕ್ಕರೆಯಿಂದ ಹೊಸದಾಗಿ ಹುಟ್ಟಿದ್ದೂ ಸೇರಿ ಸುಮಾರು 650 ಗ್ರಾಂ ನೀರು ಆವಿಯಾಗಿ ಬಿಡುಗಡೆಯಾಗುತ್ತದೆ. ಚಳಿಗಾಲದಲ್ಲಿ ಒಂದು ಕುಟುಂಬ 20 ಕಿಲೋ ತಿಂದರೆ 13 ಲೀಟರ್, ಒಂದು ದೊಡ್ಡ ಕೊಡದಷ್ಟು. ಆ ಆವಿ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟಿ ಮುದ್ದೆಯ ಮೇಲೆಯೇ ತೊಟ್ಟಿಕ್ಕುತ್ತದೆ. ಒಣಗಿದ ಮೈಯ ನೊಣ ಕೊರೆಯುವ ಚಳಿಯನ್ನು ತಡೆದುಕೊಳ್ಳುತ್ತದೆ, ಒದ್ದೆಯಾದರೆ ತಡೆಯುವುದಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪಣೆಯಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಡೆರೆಕ್ ಮಿಚೆಲ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರದ ಪೊಟರೆಗಿಂತ ನಮ್ಮ ಹಲಗೆ ಪೆಟ್ಟಿಗೆಗಳಿಂದ ನಾಲ್ಕರಿಂದ ಏಳು ಪಟ್ಟು ಹೆಚ್ಚು ಶಾಖ ಸೋರಿಹೋಗುತ್ತದೆ. ಮುದ್ದೆಗಟ್ಟಿ ಕೂರುವುದು ಜೇನಿಗೆ ಸುಖದ ಸ್ಥಿತಿಯಲ್ಲ, ಒತ್ತಡದ ಸ್ಥಿತಿ ಎಂದೂ ಅವರು ಆಮೇಲೆ ವಾದಿಸಿದ್ದಾರೆ. ಹಾಗಾದರೆ ಬೆಚ್ಚನೆಯ ಪೆಟ್ಟಿಗೆ ಬೇಡವೇ? ಖಂಡಿತ ಬೇಕು. ಆದರೆ ಈ ಲೆಕ್ಕ ಸೀಡರಿನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಪೊಟರೆಯ ಬಲವಿರುವುದು ಹಲವು ಇಂಚು ದಪ್ಪದ ಗೋಡೆಯಲ್ಲಿ. ಮುಕ್ಕಾಲು ಇಂಚಿನ ಹಲಗೆ ಯಾವ ಜಾತಿಯ ಮರದ್ದಾದರೂ ಅದರ ಹತ್ತಿರಕ್ಕೆ ಬರುವುದಿಲ್ಲ. ಶಾಖ ಉಳಿಸಬೇಕೆಂದಿದ್ದರೆ ಮುಚ್ಚಳದ ಕೆಳಗೆ ಎರಡು ಇಂಚಿನ ಫೋಮ್ ಹಲಗೆ ಇಡಿ. ಆಗ ಪೆಟ್ಟಿಗೆಯ ನೆತ್ತಿ ಗೋಡೆಗಳಿಗಿಂತ ಬೆಚ್ಚಗಾಗಿ, ಆವಿ ನೆತ್ತಿಯ ಬದಲು ಪಕ್ಕದ ಗೋಡೆಗಳಲ್ಲಿ ಹನಿಗಟ್ಟಿ ಕೆಳಗಿಳಿಯುತ್ತದೆ. ಪೆಟ್ಟಿಗೆಯನ್ನು ಬಾಗಿಲಿನ ಕಡೆಗೆ ಸ್ವಲ್ಪ ವಾಲಿಸಿಟ್ಟರೆ ನೀರು ತಾನಾಗಿ ಹೊರಹೋಗುತ್ತದೆ. ಇಷ್ಟಕ್ಕೆ ದುಬಾರಿ ಮರವೇನೂ ಬೇಕಿಲ್ಲ.

ಇನ್ನು ಬಾಳಿಕೆಯ ಮಾತು. ಹಿಮ ಮರವನ್ನು ಕೊಳೆಸುವುದಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಬಿಸುಪೂ ಬೇಕು. ಕೊರೆಯುವ ಜನವರಿಯಲ್ಲಿ ಅದು ಸುಮ್ಮನಿರುತ್ತದೆ, ಹಿಮ ಕರಗುವ ವಸಂತದಲ್ಲಿ, ಶರತ್ಕಾಲದ ಜಡಿಮಳೆಯಲ್ಲಿ ಕೆಲಸ ಶುರುಮಾಡುತ್ತದೆ. ಅದು ಮೊದಲು ಬಾಯಿ ಹಾಕುವ ಜಾಗ ಪೆಟ್ಟಿಗೆಯ ನಾಲ್ಕು ಮೂಲೆಗಳು. ಎರಡು ಕೈಯ ಬೆರಳು ಹೆಣೆದ ಹಾಗೆ ಹಲಗೆಗಳನ್ನು ಕಚ್ಚಿಸಿ ಕೂಡಿಸುವ ಆ ಮೂಲೆಗಳಲ್ಲಿ ಕೊಯ್ದ ತುದಿಗಳೆಲ್ಲ ಹೊರಮುಖವಾಗಿರುತ್ತವೆ. ಬೇರಿನಿಂದ ನೀರೇರಿಸುತ್ತಿದ್ದ ಎಳೆಗಳು ಬಾಯಿ ತೆರೆದಿರುವುದು ಅಲ್ಲೇ, ಹಾಗಾಗಿ ಹಲಗೆಯ ಮೈಗಿಂತ ಎಷ್ಟೋ ವೇಗವಾಗಿ ತುದಿ ನೀರು ಹೀರುತ್ತದೆ. ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಸಂದು ಬಿಚ್ಚುತ್ತದೆ, ಬಿಚ್ಚಿದ ಸಂದಿಗೆ ಮತ್ತಷ್ಟು ನೀರು ಇಳಿಯುತ್ತದೆ. ಪೆಟ್ಟಿಗೆ ಕೊಳ್ಳುವವರು ನೋಡಬೇಕಾದ್ದು ಇದನ್ನು: ಮೂಲೆಯ ಕೂಡುಗಳು ಸಡಿಲವಿಲ್ಲದೆ ಕೂತಿವೆಯೇ, ನೀರಿಗೆ ಬಿಡದ ಅಂಟು ಹಾಕಿದ್ದಾರೆಯೇ, ತುದಿಗಳು ಬಣ್ಣ ಕುಡಿದಿವೆಯೇ. ಬಣ್ಣ ಹೊರಗಡೆ ಮಾತ್ರ. ಒಳಗಿನ ಮೈಗೆ ಜೇನೇ ಮರಗಿಡಗಳಿಂದ ಅಂಟು ತಂದು ಬಳಿದುಕೊಳ್ಳುತ್ತದೆ. ಸೀಡರಿನಲ್ಲೂ ಶಿಲೀಂಧ್ರ ತಡೆಯುವ ರಸವಿರುವುದು ತಿರುಳಿನಲ್ಲಿ. ಅಂಚಿನ ಬಿಳಿಮರ ಬೇರೆ ಮರದಂತೆಯೇ ಕೊಳೆಯುತ್ತದೆ. ಚೆನ್ನಾಗಿ ಬಣ್ಣ ಬಳಿದು ನೆಲದಿಂದ ಒಂದಡಿ ಮೇಲಿಟ್ಟ ಪೈನ್ ಪೆಟ್ಟಿಗೆ, ಮಣ್ಣಿಗೆ ತಾಗಿಸಿಟ್ಟ ಸೀಡರಿಗಿಂತ ಹೆಚ್ಚು ವರ್ಷ ಬಾಳಬಹುದು.  

ಹಣ ಕೊಟ್ಟು ಕೊಳ್ಳಬಹುದಾದ ಪರಿಹಾರವನ್ನು ಜನ ಎಷ್ಟು ಬೇಗ ನಂಬುತ್ತಾರೆ, ಕೂತು ಎಣಿಸಬೇಕಾದ ಪರಿಹಾರದಿಂದ ಎಷ್ಟು ದೂರ ಓಡುತ್ತಾರೆ ಎನ್ನುವುದು ನಿಜಕ್ಕೂ ಬೇಸರ ತರಿಸುತ್ತದೆ. ಮಾರ್ಚ್‌ನಲ್ಲಿ ಸತ್ತ ಕುಟುಂಬ ಕಂಡರೆ ಮರವನ್ನು ದೂರುತ್ತಾರೆ, ಮುಂದಿನ ವರ್ಷ ಇನ್ನೂ ದುಬಾರಿ ಮರ ತರುತ್ತಾರೆ. ಆ ಸಾವುಗಳಲ್ಲಿ ಬಹುಪಾಲಿಗೆ ಬೀಜ ಬಿದ್ದದ್ದು ಬೇಸಿಗೆಯ ಕೊನೆಯಲ್ಲಿ, ವರೋವಾ ನುಸಿಯಿಂದ. ಬೇಸಿಗೆಯ ನೊಣ ಕೆಲವೇ ವಾರ ಬದುಕುತ್ತದೆ. ಶರತ್ಕಾಲದಲ್ಲಿ ಹುಟ್ಟುವ ನೊಣ ಆರು ತಿಂಗಳ ತನಕ ಬಾಳಿ ಕುಟುಂಬವನ್ನು ವಸಂತಕ್ಕೆ ದಾಟಿಸಬೇಕು. ಎರಿಯೊಳಗೇ ನುಸಿ ಕಚ್ಚಿದ ನೊಣ ನಡುಚಳಿಗಾಲಕ್ಕೇ ಮುಗಿದುಹೋಗುತ್ತದೆ, ಅದರ ಮನೆ ಯಾವ ಮರದ್ದಾದರೂ ಸರಿ. ಪರೀಕ್ಷೆಯೇನೂ ಕಷ್ಟದ್ದಲ್ಲ. ಆಗಸ್ಟ್‌ನಲ್ಲಿ, ರಾಣಿ ಇಲ್ಲದ್ದನ್ನು ನೋಡಿಕೊಂಡು, ಮರಿಗಳಿರುವ ಎರಿಯಿಂದ ಅರ್ಧ ಕಪ್ ನೊಣಗಳನ್ನು ಬಲೆಮುಚ್ಚಳದ ಜಾಡಿಗೆ ಕೊಡವಿದರೆ ಸುಮಾರು ಮುನ್ನೂರು ಬರುತ್ತವೆ. ಅದಕ್ಕೆ ಎರಡು ದೊಡ್ಡ ಚಮಚ ಪುಡಿಸಕ್ಕರೆ ಹಾಕಿ ಉರುಳಿಸಿ, ಬಿಳಿ ತಟ್ಟೆಯ ಮೇಲೆ ಜಾಡಿಯನ್ನು ಅಲ್ಲಾಡಿಸಿದರೆ ಉದುರುವ ಕಂದುಕೆಂಪು ಚುಕ್ಕೆಗಳೇ ನುಸಿ. ಒಂಬತ್ತಕ್ಕಿಂತ ಹೆಚ್ಚು ಉದುರಿದರೆ ಆ ವಾರವೇ ಔಷಧ ಕೊಡಬೇಕು. ಪೆಟ್ಟಿಗೆಯ ಮರ ಯಾವುದು ಎಂಬ ವಿಚಾರ ಆಮೇಲೆ.