ಹೊಲದಲ್ಲಿ ಗಾಂಜಾ ಗಿಡ: ರೈತರು ತಿಳಿದಿರಬೇಕಾದ ಕಾನೂನು

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಹೊಲವನ್ನು ಲಾವಣಿಗೆ ಇಲ್ಲವೆ ಪಾಲಿಗೆ ಕೊಡುವುದುಂಟು. ತೊಗರಿ, ಹತ್ತಿ ಎತ್ತರಕ್ಕೆ ಬೆಳೆದ ಮೇಲೆ ಒಳಸಾಲಿನಲ್ಲಿ ಏನಿದೆ ಎಂಬುದು ಬದುವಿನ ಮೇಲೆ ನಿಂತವರಿಗೆ ಕಾಣದು. ಅಲ್ಲಿ ಯಾರಾದರೂ ಗಾಂಜಾ ಬೆಳೆದರೆ ನಿಮ್ಮ ಹೊಣೆಯೇನು?

1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯ್ದೆಯ ಪ್ರಕಾರ ಅಕ್ರಮವಾಗಿ ಗಾಂಜಾ ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಾಲ್ಕೇ ಗಿಡವಿದ್ದರೂ ಅಪರಾಧವೇ. ಕಾಯ್ದೆಯ 46ನೆಯ ಕಲಮಿನಂತೆ, ತನ್ನ ಜಮೀನಿನಲ್ಲಿ ಇಂಥ ಬೆಳೆ ಇದ್ದರೆ ಹಿಡುವಳಿದಾರನು ಕೂಡಲೇ ಪೊಲೀಸ್ ಅಥವಾ ಅಬಕಾರಿ ಅಧಿಕಾರಿಗೆ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅವನಿಗೂ ಶಿಕ್ಷೆಯುಂಟು.

ಪುಂಡಿ ಗಿಡವನ್ನು ಕಂಡು ಗಾಬರಿಯಾಗಬೇಡಿ. ಸೀಳೆಲೆ ಎರಡಕ್ಕೂ ಇದೆ. ಆದರೆ ಪುಂಡಿಯ ಎಲೆ ಹುಳಿ, ಹೂವು ದಾಸವಾಳದಂತೆ ಅಗಲ ದಳದ್ದು. ಗಾಂಜಾಕ್ಕೆ ಅಂಥ ದಳಗಳಿಲ್ಲ. ಎಲೆಯಂಚು ಗರಗಸದಂತೆ, ವಾಸನೆ ಘಾಟು.

ಕೆಲವು ಔಷಧಿಗಳೂ ಇದೇ ಕಾಯ್ದೆಗೆ ಒಳಪಟ್ಟಿವೆ. ಆಲ್‌ಪ್ರಜೋಲಾಂ, ಡಯಾಜೆಪಾಂ ಮಾತ್ರೆಗಳು ಮತ್ತು 2018ರಿಂದ ನೋವಿನ ಔಷಧಿ ಟ್ರಮಡಾಲ್ ಈ ಸಾಲಿನವು. ಇವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಮೈಕೈ ನೋವೆಂದ ಕೂಲಿಯಾಳುಗಳಿಗೆ ಹಂಚಬೇಡಿ.

ಲಾವಣಿ ಕರಾರನ್ನು ಬರೆಸಿಕೊಳ್ಳಿ, ಬೆಳೆಯ ಹೆಸರನ್ನೂ ಅದರಲ್ಲಿ ಕಾಣಿಸಿರಿ. ಆಗಾಗ ಒಳಸಾಲು ಸುತ್ತಿ ಬನ್ನಿ. ಅನುಮಾನದ ಗಿಡ ಕಂಡರೆ ಕಿತ್ತು ಸುಡದೆ, ಠಾಣೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಆ ಒಂದು ಚೀಟಿ ನಿಮಗೆ ರಕ್ಷೆ.