ಮುನ್ನೂರ ಹತ್ತು ರೂಪಾಯಿಯ ಬಲ್ಬು

1985ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕುಲುಮೆ ಕೈಕೊಟ್ಟಿತು. ಸಾವಿರ ಡಿಗ್ರಿ ಮುಟ್ಟಬೇಕಾಗಿದ್ದುದು ಎಂಟುನೂರರ ಆಸುಪಾಸಿನಲ್ಲೇ ಹಟ ಹಿಡಿದು ನಿಂತಿತು. ಹಿರೋಶಿ ಅಮಾನೊ ಎಂಬ ವಿದ್ಯಾರ್ಥಿ ತನ್ನ ಗುರು ಇಸಾಮು ಅಕಾಸಾಕಿಯವರ ಬಳಿ ನೀಲಿ ಎಲ್‌ಇಡಿಗೆ ಬೇಕಾದ ಗ್ಯಾಲಿಯಂ ನೈಟ್ರೈಡಿನ ಹರಳು ಬೆಳೆಸಲು ಹೋಗಿ ಅದಾಗಲೇ 1,500ಕ್ಕೂ ಹೆಚ್ಚು ಸಲ ಸೋತಿದ್ದ. ಅಂದೂ ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಅರೆಬಿಸಿ ಕುಲುಮೆಯಲ್ಲೇ ಅಲ್ಯುಮಿನಿಯಂ ನೈಟ್ರೈಡಿನ ತೆಳುಪದರ ಹಾಸಿದ. ಅಷ್ಟರಲ್ಲಿ ಕುಲುಮೆ ಸರಿಹೋಯಿತು. ಅದರ ಮೇಲೆ ಎಂದಿನಂತೆ ಹರಳು ಬೆಳೆಸಿದ. ತೆಗೆದು ನೋಡಿದರೆ ಬಿಲ್ಲೆಯ ಮೇಲೆ ಏನೂ ಇದ್ದಂತೆ ಕಾಣಲಿಲ್ಲ, ಅಷ್ಟು ತಿಳಿ. ಗ್ಯಾಲಿಯಂ ಹರಿಸುವುದನ್ನೇ ಮರೆತೆನೇನೋ ಎಂದುಕೊಂಡ. ಮರೆತಿರಲಿಲ್ಲ. ವರ್ಷಗಟ್ಟಲೆ ಹುಡುಕಿದ್ದ ನಿರ್ಮಲ ಹರಳು ಅದೇ ಆಗಿತ್ತು.

ಅಲ್ಲಿಂದ ಎಂಟು ವರ್ಷಕ್ಕೆ, 1993ರ ಕೊನೆಯಲ್ಲಿ, ನಿಚಿಯಾ ಎಂಬ ಕಂಪನಿಯ ಶೂಜಿ ನಕಾಮುರ, ಕೆಲಸ ನಿಲ್ಲಿಸೆಂಬ ಮೇಲಿನವರ ಆದೇಶವನ್ನು ಕಿವಿಗೆ ಹಾಕಿಕೊಳ್ಳದೆ ದುಡಿದು, ಪ್ರಖರವಾದ ನೀಲಿ ಎಲ್‌ಇಡಿಯನ್ನು ಲೋಕದ ಮುಂದಿಟ್ಟರು. ನೀಲಿಯ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪ ಬಳಿದರೆ ಬಿಳಿ ಬೆಳಕು ಸಿಕ್ಕಿತು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಬೆಳಕಿನ ಕತೆ ಅಲ್ಲಿಗೆ ಮುಗಿಯಿತೆಂದು ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಆ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಬೇಕಾಗಿದ್ದ ಬಡವನ ಮನೆಗೂ ಅದಕ್ಕೂ ನಡುವೆ ಇನ್ನೊಂದು ಕಂದಕವಿತ್ತು. ಅದನ್ನು ದಾಟುವ ದಾರಿ ಸಿಕ್ಕಿದ್ದು ಸರ್ಕಾರಿ ಟೆಂಡರಿನಲ್ಲಿ. ಟೆಂಡರಿನಲ್ಲಿ ಆವಿಷ್ಕಾರವೆಂದರೆ ನಗುವವರೇ ಹೆಚ್ಚು.

ಆ ನೊಬೆಲ್‌ಗೆ ಹತ್ತು ವರ್ಷ ಮೊದಲು ಭಾರತದಲ್ಲಿ ಬುರುಡೆ ಬಲ್ಬುಗಳದೇ ರಾಜ್ಯ. ಹತ್ತು ಹದಿನೈದು ರೂಪಾಯಿಗೆ ಸಿಗುತ್ತಿದ್ದ ಅವು ತಿಂದ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತಿದ್ದವು. ಅದು ಗೊತ್ತಿದ್ದರೂ ಜೇಬು ಒಪ್ಪುತ್ತಿರಲಿಲ್ಲ. 2004-05ರ ಸುಮಾರಿಗೆ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಬೆಂಗಳೂರಿನಲ್ಲಿ ಒಂದು ಉಪಾಯ ಮಾಡಿತ್ತು: ಕಡಿಮೆ ವಿದ್ಯುತ್ ತಿನ್ನುವ ಸಿಎಫ್‌ಎಲ್ ದೀಪವನ್ನು ಮೊದಲು ಒಯ್ಯಿರಿ, ದುಡ್ಡನ್ನು ತಿಂಗಳ ಕರೆಂಟ್ ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟಿರಿ. ಉಪಾಯ ಸಣ್ಣದು, ಮುಂದೆ ಅದರ ಬೆಲೆ ತಿಳಿಯಿತು.

2009ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ದೊಡ್ಡ ಆಟಕ್ಕೇ ಕೈಹಾಕಿತು. ಬಚತ್ ಲ್ಯಾಂಪ್ ಯೋಜನೆಯಲ್ಲಿ ಸಿಎಫ್‌ಎಲ್ ಬುರುಡೆ ಬಲ್ಬಿನ ಬೆಲೆಗೇ, ಹದಿನೈದು ರೂಪಾಯಿಗೆ, ಮನೆ ಸೇರಬೇಕಿತ್ತು. ಉಳಿದ ಹಣವನ್ನು ಹೂಡಿಕೆದಾರ ಕಂಪನಿಗಳು ಹಾಕಿ, ಉಳಿತಾಯವಾದ ಇಂಗಾಲದ ಲೆಕ್ಕ ತೋರಿಸಿ, ಕಾರ್ಬನ್ ಕ್ರೆಡಿಟ್ಟನ್ನು ಯುರೋಪಿನ ಪೇಟೆಯಲ್ಲಿ ಮಾರಿ ವಾಪಸು ಪಡೆಯಬೇಕಿತ್ತು. ಕಾಗದದ ಮೇಲೆ ಸೊಗಸಾಗಿತ್ತು. ಕೋಟಿಗಟ್ಟಲೆ ದೀಪಗಳು ಹಂಚಿಕೆಯೂ ಆದವು. ಅಷ್ಟರಲ್ಲಿ ಯುರೋಪಿನ ಆರ್ಥಿಕತೆ ಕುಸಿಯಿತು. ಒಂದು ಕಾಲಕ್ಕೆ ಇಪ್ಪತ್ತು ಯೂರೊ ಮುಟ್ಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗಿಳಿಯಿತು. ಹೂಡಿದವರು ಕೈ ಸುಟ್ಟುಕೊಂಡರು. ಯಾವುದೋ ದೇಶದ ಪೇಟೆ ಬಿದ್ದದ್ದಕ್ಕೆ ಇಲ್ಲಿಯ ಹಳ್ಳಿಗಳಲ್ಲಿ ದೀಪದ ಹಂಚಿಕೆ ನಿಂತಿತು.

ಆ ಬ್ಯೂರೊದಲ್ಲಿ ಕಾರ್ಯದರ್ಶಿಯಾಗಿದ್ದ ಸೌರಭ್ ಕುಮಾರ್ 2013ರಲ್ಲಿ ಇಇಎಸ್‌ಎಲ್ ಎಂಬ ಸಂಸ್ಥೆಯ ಮುಖ್ಯಸ್ಥರಾದರು. ಎನ್‌ಟಿಪಿಸಿ, ಪವರ್‌ಗ್ರಿಡ್ ಮೊದಲಾದ ನಾಲ್ಕು ಸರ್ಕಾರಿ ಕಂಪನಿಗಳು ಸೇರಿ 2009ರಲ್ಲಿ ಕಟ್ಟಿದ ಕೂಸು ಅದು. ಹೆಸರು ಕೇಳಿದವರೇ ಕಡಿಮೆ. ಅಂಗಡಿಯಲ್ಲಿ ಎಲ್‌ಇಡಿ ಬಲ್ಬಿಗೆ ಆಗ ನಾನೂರು, ಐನೂರು ರೂಪಾಯಿ. ಜನ ಕೊಳ್ಳರು, ಬೆಲೆ ದುಬಾರಿ; ಬೆಲೆ ಇಳಿಸೋಣವೆಂದರೆ ಜನ ಕೊಳ್ಳುತ್ತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗಂಟು ಬಿಚ್ಚಲು ಆರಿಸಿಕೊಂಡ ಜಾಗ ಪುದುಚೇರಿ. ಸಣ್ಣ ಪ್ರದೇಶ, ವಿದ್ಯುತ್ ಸರಬರಾಜು ಸರ್ಕಾರದ ಇಲಾಖೆಯದೇ. ಏಳು ಲಕ್ಷದಷ್ಟು ಬಲ್ಬುಗಳಿಗೆ ಟೆಂಡರ್ ಕರೆದರು. 2014ರ ಆರಂಭದಲ್ಲಿ ಬೆಲೆ ಗೊತ್ತಾದಾಗ ಬಲ್ಬೊಂದಕ್ಕೆ 310 ರೂಪಾಯಿ. ಅಂಗಡಿಗಿಂತ ಕಡಿಮೆ, ಬುರುಡೆಗಿಂತ ಇಪ್ಪತ್ತು ಮೂವತ್ತು ಪಟ್ಟು ಹೆಚ್ಚು. ಅಷ್ಟು ಕೊಟ್ಟು ಕೊಂಡು, ಹಳೆಯ ಬುರುಡೆ ತಂದುಕೊಟ್ಟ ಮನೆಗೆ ಹತ್ತು ರೂಪಾಯಿಗೆ ಒಂದರಂತೆ ಮೂರು ಬಲ್ಬು ಕೊಟ್ಟರು. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದ ಹಣ ಇಇಎಸ್‌ಎಲ್‌ನ ಕೈಯಿಂದ ಹೋಯಿತು. ಇಲಾಖೆ ದುಬಾರಿ ವಿದ್ಯುತ್ ಕೊಳ್ಳುವುದು ತಪ್ಪಿ ಉಳಿಸಿದ ದುಡ್ಡಿನಲ್ಲಿ ಅದನ್ನು ವರ್ಷ ವರ್ಷ ತೀರಿಸಬೇಕೆಂಬ ಕರಾರು. ಈ ಸಲ ಯುರೋಪಿನ ಹಂಗಿರಲಿಲ್ಲ, ಅನುದಾನವೂ ಇರಲಿಲ್ಲ.

ದೂರು ಬರದೆ ಇರಲಿಲ್ಲ. ಪುಕ್ಕಟೆಯಂತೆ ಕೊಟ್ಟದ್ದು ಬಾಳುವುದೇ ಎಂದು ಜನ ಅನುಮಾನಿಸಿದರು. ಕೆಟ್ಟರೆ ಬದಲಿಸಿಕೊಡುವ ಹೊಣೆಯನ್ನು ವರ್ಷಗಟ್ಟಲೆ ತಯಾರಕರ ಹೆಗಲಿಗೇ ಹಾಕಲಾಗಿತ್ತು. ಆ ಷರತ್ತೇ ಕಳಪೆ ಮಾಲನ್ನು ಬಾಗಿಲಲ್ಲಿ ತಡೆಯಿತು.

ಅದೇ ವರ್ಷದ ಉತ್ತರಾರ್ಧದಲ್ಲಿ ಆಂಧ್ರಕ್ಕಾಗಿ ಮತ್ತೊಂದು ಟೆಂಡರ್ ತೆರೆಯಿತು: 204 ರೂಪಾಯಿ. ಕೆಲವೇ ತಿಂಗಳಲ್ಲಿ ನೂರು ರೂಪಾಯಿ ಇಳಿದಿತ್ತು. ಸರ್ಕಾರಿ ಕಚೇರಿಯಲ್ಲಿ ಇದು ಖುಷಿಯ ಸುದ್ದಿ ಅಷ್ಟೇ ಅಲ್ಲ. ಮೊದಲು ಮುನ್ನೂರ ಹತ್ತು ಏಕೆ ಕೊಟ್ಟಿರಿ ಎಂದು ಆಡಿಟ್‌ನವರು ಕೇಳಿದರೆ ಉತ್ತರ ಏನು? ಎಷ್ಟೋ ಅಧಿಕಾರಿಗಳು ಇಂಥ ಹೆದರಿಕೆಯಲ್ಲೇ ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಇಇಎಸ್‌ಎಲ್‌ನವರು ನಿಲ್ಲಿಸಲಿಲ್ಲ. ಒಂದೇ ಏಟಿಗೆ ವರ್ಷಗಳ ಮಾಲು ಕೊಳ್ಳದೆ, ಮತ್ತೆ ಮತ್ತೆ ಟೆಂಡರ್ ಕರೆಯುತ್ತ ಹೋದರು. 149 ಆಯಿತು. 2015ರ ಆರಂಭಕ್ಕೆ 104ರ ಹತ್ತಿರ ಬಂತು. ಆ ಜನವರಿ 5ರಂದು ಯೋಜನೆ ಇಡೀ ದೇಶಕ್ಕೆ ಹಬ್ಬಿತು, ಮುಂದೆ ಉಜಾಲಾ ಎಂಬ ಹೆಸರು ಪಡೆಯಿತು.

ನಡುವೆ ಒಂದು ಚಂಡಮಾರುತವೂ ಬಂತು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ಬೀದಿದೀಪಗಳನ್ನು ನೆಲಕ್ಕುರುಳಿಸಿತು. ಹಳೆಯ ಸೋಡಿಯಂ ದೀಪಗಳನ್ನೇ ಮತ್ತೆ ನೆಡುವ ಬದಲು ಊರಿಗೆ ಊರೇ ಎಲ್‌ಇಡಿಗೆ ಬದಲಾಯಿತು. ತೊಂಬತ್ತು ಸಾವಿರಕ್ಕೂ ಹೆಚ್ಚು ದೀಪಗಳು ಕೆಲವೇ ತಿಂಗಳಲ್ಲಿ ಕಂಬ ಏರಿದವು. ಬಂಡವಾಳ ಇಇಎಸ್‌ಎಲ್‌ದು, ಮರುಪಾವತಿ ಉಳಿತಾಯದಿಂದ. ಮನೆಯಲ್ಲಿ ಫಲಿಸಿದ ಲೆಕ್ಕ ಬೀದಿಯಲ್ಲೂ ಫಲಿಸಿತು.

2015ರ ಕೊನೆಗೆ ಕರ್ನಾಟಕ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಲ್ಬು ಹಂಚತೊಡಗಿತು. ಅಷ್ಟರಲ್ಲಿ ಖರೀದಿ ಬೆಲೆ 73 ಮುಟ್ಟಿತ್ತು. ಮರುವರ್ಷ 55ರ ಹತ್ತಿರಕ್ಕೆ ಇಳಿಯಿತು. ಇನ್ನು ತಳ ಬಂತೆಂದುಕೊಂಡಿರುವಾಗ 2016ರ ಸೆಪ್ಟೆಂಬರಿನಲ್ಲಿ ತೆರೆದ ಟೆಂಡರಿನಲ್ಲಿ 38 ರೂಪಾಯಿ ಕಾಣಿಸಿತು. ಮೊದಲಿನದು ಏಳು ವ್ಯಾಟಿನ ಬಲ್ಬು, ಇದು ಒಂಬತ್ತು ವ್ಯಾಟಿನದು. ಹೆಚ್ಚು ಬೆಳಕು, ಎಂಟನೆಯ ಒಂದು ಪಾಲು ಬೆಲೆ. ದೇಶದಲ್ಲಿ ಒಟ್ಟು ಹಂಚಿಕೆಯಾದ ಬಲ್ಬುಗಳ ಸಂಖ್ಯೆ ಮುಂದೆ 36 ಕೋಟಿ ದಾಟಿತು.

ಕಟ್ಟಡಗಳ ಸರದಿ ಅದರ ಬೆನ್ನಿಗೇ ಬಂತು. ಸರ್ಕಾರಿ ಕಚೇರಿ, ರೈಲು ನಿಲ್ದಾಣಗಳ ಹಳೆಯ ಟ್ಯೂಬ್‌ಲೈಟು, ಫ್ಯಾನು, ಎಸಿಗಳನ್ನು ಇದೇ ಕರಾರಿನಲ್ಲಿ ಬದಲಿಸಲಾಯಿತು. 2017ರಲ್ಲಿ ಒಂದು ಲಕ್ಷ ಮಿತವ್ಯಯಿ ಎಸಿಗಳಿಗೆ ಟೆಂಡರ್ ಕರೆದರು. ಅದೇ ವರ್ಷ ಸರ್ಕಾರಿ ಇಲಾಖೆಗಳಿಗೆಂದು 10,000 ವಿದ್ಯುತ್ ಕಾರುಗಳಿಗೂ ಕರೆದರು. ಅಲ್ಲಿ ಮಂತ್ರ ಅಷ್ಟಾಗಿ ನಾಟಲಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸಾಕಷ್ಟು ದೂರ ಓಡುವುದಿಲ್ಲವೆಂದು ಅಧಿಕಾರಿಗಳು ಗೊಣಗಿದರು, ಕಾರುಗಳು ನಿಧಾನವಾಗಿ ಬಂದವು. ಬಲ್ಬನ್ನು ಹೋಲ್ಡರಿಗೆ ತಿರುಗಿಸಿದರೆ ಮುಗಿಯಿತು. ಕಾರಿಗೆ ಚಾರ್ಜಿಂಗ್ ಜಾಗ, ಡ್ರೈವರ್, ಸಾಹೇಬರ ಮರ್ಜಿ ಎಲ್ಲವೂ ಬೇಕು.

ಹಾಗಾದರೆ 310 ರೂಪಾಯಿ 38 ಆದದ್ದು ಹೇಗೆ? ಒಂದು ಪಾಲು ಪುಣ್ಯ ಪ್ರಪಂಚದ ಪೇಟೆಯದು. ಎಲ್‌ಇಡಿ ಚಿಪ್‌ಗಳೇ ಆ ವರ್ಷಗಳಲ್ಲಿ ಅಗ್ಗವಾಗುತ್ತಿದ್ದವು. ಉಳಿದದ್ದು ಬಲ್ಬಿನೊಳಗೆ ಕಾಣದೆ ಕೂತಿದ್ದ ಭಯದ ಬೆಲೆ. ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ಬಿಲ್ಲು ಪಾಸಾಗುವುದೂ ದೇವರ ಇಚ್ಛೆ ಎಂದು ಎಲ್ಲ ಗುತ್ತಿಗೆದಾರರಿಗೂ ಗೊತ್ತು. ಹಣ ಯಾವಾಗ ಬಂದೀತೋ, ಮುಂದಿನ ವರ್ಷ ಆರ್ಡರ್ ಇರುತ್ತದೋ ಇಲ್ಲವೋ ಎಂಬ ಎರಡೂ ಅನುಮಾನವನ್ನು ಮಾರುವವನು ದರದಲ್ಲಿ ಸೇರಿಸಿಬಿಡುತ್ತಾನೆ. ಇಇಎಸ್‌ಎಲ್ ಸಮಯಕ್ಕೆ ಹಣ ಕೊಟ್ಟಿತು, ಮುಂದಿನ ಟೆಂಡರ್ ಬಂದೇ ಬರುತ್ತದೆಂದು ತೋರಿಸಿಕೊಟ್ಟಿತು. ಅತಿ ಕಡಿಮೆ ದರ ಹೇಳಿದವನಿಗೇ ಎಲ್ಲವನ್ನೂ ಕೊಡದೆ, ಆ ದರಕ್ಕೆ ಇಳಿಯಲು ಒಪ್ಪಿದ ಉಳಿದವರಿಗೂ ಪಾಲು ಹಂಚಿತು. ಧೈರ್ಯ ಬಂದ ಕಾರ್ಖಾನೆಗಳು ಹೊಸ ಯಂತ್ರಗಳಿಗೆ ಹಣ ಹಾಕಿದವು, ಉತ್ಪಾದನೆ ಹೆಚ್ಚಿದಷ್ಟೂ ಖರ್ಚು ಇಳಿಯಿತು. ಯೋಜನೆಯ ಬಲ್ಬು ಎಷ್ಟಕ್ಕೆ ಸಿಗುತ್ತದೆಂದು ಊರಿಗೆಲ್ಲ ತಿಳಿದ ಮೇಲೆ ಅದೇ ಕಂಪನಿಗಳಿಗೆ ಅಂಗಡಿಯಲ್ಲೂ ನಾನೂರು ರೂಪಾಯಿಯ ಚೀಟಿ ಅಂಟಿಸುವುದು ಸಾಧ್ಯವಾಗಲಿಲ್ಲ.