ಹಡಗಿನ ದಾರಿಯೂ ನಮ್ಮ ತೋಟದ ಮಳೆಯೂ

ಬೆಂಗಳೂರಿನ ನಂದಿನಿ ಲೇಔಟಿನ ಮನೆಗಳಲ್ಲಿ ಫಿಲ್ಟರಿಗೆ ಬೀಳುವ ಕಾಫಿಪುಡಿಗೆ ಲಾರಿಯ ದಾರಿ ಸಾಕು. ಆದರೆ ದೇಶದ ಕಾಫಿ ಬೆಳೆಯ ಹೆಚ್ಚಿನ ಪಾಲು ಕಡಲು ದಾಟಿ ಇಟಲಿ, ಜರ್ಮನಿ ಮೊದಲಾದ ದೇಶಗಳನ್ನು ಸೇರಬೇಕು. ಆದುದರಿಂದ ಹಡಗು ಹಿಡಿಯುವ ದಾರಿ, ಅದು ಸುಡುವ ಎಣ್ಣೆ ಪಣಂಬೂರಿನ ಬಂದರಿನವರಿಗೆ ಮಾತ್ರ ಸೇರಿದ ಸಂಗತಿಗಳಲ್ಲ. ಕಣದಲ್ಲಿ ಕಾಫಿ ಒಣಗಿಸುವ ನಮಗೂ ಸೇರಿದವು.

ಮರಳಿ ಬಂದ ಹಳೆಯ ದಾರಿ

1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಹಾಯಿಹಡಗುಗಳು ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಬಳಸಿ ಯುರೋಪಿಗೆ ಹೋಗುತ್ತಿದ್ದವು. ತಿಂಗಳುಗಟ್ಟಲೆ ಕಡಲ ತೇವ ಕುಡಿದ ಬೀಜ ಊದಿ ಹಳದಿಗೆ ತಿರುಗುತ್ತಿತ್ತು. ಆ ರುಚಿಯನ್ನೇ ಬಯಸುವ ಗಿರಾಕಿಗಳಿಗಾಗಿ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿ 'ಮಾನ್ಸೂನ್ಡ್ ಮಲಬಾರ್' ತಯಾರಿಸುವ ಪದ್ಧತಿ ಇಂದಿಗೂ ಇದೆ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ, 2024ರಲ್ಲಿ ಹಲವು ಕಂಪನಿಗಳು ಮತ್ತೆ ಅದೇ ಭೂಶಿರದ ದಾರಿ ಹಿಡಿದವು. ಪ್ರಯಾಣ ಹತ್ತು ದಿನದಿಂದ ಎರಡು ವಾರದಷ್ಟು ಬೆಳೆಯಿತು. ಬಾಡಿಗೆಯೂ ಏರಿತು, ಎಣ್ಣೆಯೂ ಹೆಚ್ಚು ಉರಿಯಿತು.

ನಿಧಾನದಲ್ಲಿ ಉಳಿತಾಯ

ಹಡಗಿನ ವೇಗವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಗಂಟೆಗೆ ತಗಲುವ ಎಣ್ಣೆ ನೂರಕ್ಕೆ ಸುಮಾರು 27ರಷ್ಟು ಇಳಿಯುತ್ತದೆ. ಪ್ರಯಾಣದ ದಿನಗಳು ಹೆಚ್ಚಿದರೂ ಒಟ್ಟಿನಲ್ಲಿ ಸುಮಾರು 19ರಷ್ಟು ಉಳಿತಾಯವೇ. ಹವಾಮಾನ ನೋಡಿ ದಾರಿ ಆರಿಸುವುದು ಎರಡನೆಯ ಉಪಾಯ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಅಲೆಗಳಿಗೆ ಎದೆಯೊಡ್ಡಿ ಸಾಗುವ ಹಡಗಿಗೆ ಎಣ್ಣೆ ಬಹಳ ಬೇಕು. ಅಲೆ, ಗಾಳಿಗಳ ಮುನ್ಸೂಚನೆಯಂತೆ ತುಸು ಬಳಸಿ ಹೋದರೆ ದೂರ ಹೆಚ್ಚಾದರೂ ಖರ್ಚು ತಗ್ಗಬಹುದು. ಘಾಟಿಯ ದಾರಿ ಕೆಟ್ಟಾಗ ಲಾರಿಯವರು ಬೇರೆ ದಾರಿ ಹಿಡಿಯುವಂತೆಯೇ ಇದು. ನಮ್ಮ ದೇಶದಲ್ಲಿ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕಡಲಿನ ಇಂಥ ಮುನ್ಸೂಚನೆ ನೀಡುತ್ತದೆ.

ನಮಗೇಕೆ ಈ ಚಿಂತೆ?

ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಲಾರಿ, ವಿಮಾನಗಳಿಗಿಂತ ಹಡಗು ಕಾರುವ ಹೊಗೆ ಕಡಿಮೆ. ಆದರೂ ಸರಕು ಅಪಾರವಾದುದರಿಂದ, ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಹಡಗುಗಳ ಪಾಲು ನೂರಕ್ಕೆ ಸುಮಾರು 3. ಆ ಬಿಸಿಯ ಫಲ ತೋಟದಲ್ಲೇ ಕಾಣುತ್ತದೆ. ಹೂಮಳೆ ಹೊತ್ತು ತಪ್ಪಿದರೆ ಕಾಫಿ ಕಾಯಿ ಕಚ್ಚುವುದಿಲ್ಲ. ಮುಂಗಾರು ಬಿಡದೆ ಹಿಡಿದರೆ ಅಡಿಕೆಗೆ ಕೊಳೆರೋಗ.

ಎರಡನೆಯ ಹೊಡೆತ ದರದಲ್ಲಿ. ಯುರೋಪಿಯನ್ ಒಕ್ಕೂಟವು 2024ರಿಂದ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಇಂಗಾಲಕ್ಕೆ ಬೆಲೆ ಕಟ್ಟಿದೆ. ಇಂಥ ಖರ್ಚು ಬಾಡಿಗೆಗೆ ಸೇರಿ, ಕೊನೆಗೆ ಬೆಳೆಗಾರನ ಕೈಸೇರುವ ದರದಲ್ಲಿ ಕಡಿತವಾಗುವ ಭಯವಿದೆ. ಎಣ್ಣೆ ಉಳಿಸುವ ಹಡಗು ನಮ್ಮ ಮಳೆಯನ್ನೂ ದರವನ್ನೂ ಕಾಯುತ್ತದೆ ಎಂಬುದನ್ನು ನಾವು ಮರೆಯಬಾರದು.

ನಾವು ಮಾಡಬೇಕಾದುದು

ಹಡಗು ನಿಧಾನವಾದಷ್ಟೂ ಬೀಜ ಮುಚ್ಚಿದ ಕಂಟೇನರಿನಲ್ಲಿ ಹೆಚ್ಚು ದಿನ ಇರುತ್ತದೆ. ಹೊರಗೆ ತಂಪಾದಾಗ ಒಳಗಿನ ತೇವ ಛಾವಣಿಯಲ್ಲಿ ಬೆವರಿ ಮೂಟೆಗಳ ಮೇಲೆ ತೊಟ್ಟಿಕ್ಕಿ ಬೂಷ್ಟು ಹಿಡಿಯುತ್ತದೆ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಹೇಳಿರುವ ತೇವಾಂಶದ ಮಿತಿ ನೂರಕ್ಕೆ 12.5, ಅದಕ್ಕೂ ಕಡಿಮೆ ಇದ್ದರೆ ಕ್ಷೇಮ. ಕೈಯಂದಾಜನ್ನು ನಂಬದೆ ಮಾಪಕದಲ್ಲಿ ತೇವ ನೋಡಿಸಿ, ಆಮೇಲೆ ಮೂಟೆ ಕಟ್ಟೋಣ. ಮಾರಾಟದ ಮಾತಿನ ವೇಳೆ ಬಾಡಿಗೆಯ ಹೆಸರಿನಲ್ಲಿ ಎಷ್ಟು ಮುರಿಯುತ್ತಾರೆ ಎಂಬ ಲೆಕ್ಕವನ್ನೂ ಸಂಘದ ಮೂಲಕ ಒಟ್ಟಾಗಿ ಕೇಳೋಣ.